ಕಿರುತೆರೆಯ ಬಾಲ್ಯವೂ ಪಕ್ಕದ ವ್ಯಾಖ್ಯಾನವೂ



ಕನ್ನಡ ಜನರ ಬಾಳಿಗೆ ಸಂಬಂಧಪಟ್ಟ ಯಾವುದಾದರೊಂದು ವಿಷಯವನ್ನು ಕುರಿತು ವರ್ಷಕ್ಕೊಮ್ಮೆ ಇಲ್ಲಿ ಉಪನ್ಯಾಸ ನಡೆಯತಕ್ಕದ್ದೆಂದು ಈ ದತ್ತಿಯ ದಾನಪತ್ರದಲ್ಲಿ ಬರೆದಿದೆ. ಆ ವಾಕ್ಯದ ಔದಾರ್ಯವನ್ನು ನಂಬಿಕೊಂಡು, ಪಂಪ ಕುಮಾರವ್ಯಾಸರ ವಿಚಾರವನ್ನಾಗಲಿ ವಚನಕಾರರ ವಿಚಾರವನ್ನಾಗಲಿ ಎತ್ತಿಕೊಳ್ಳದೆ, ಕಳೆದ ಶತಮಾನದ ಕೊನೆಯ ಕಾಲು ಭಾಗದಲ್ಲಿ ಈ ನಾಡಿನಲ್ಲಿ ಮಕ್ಕಳಾಗಿದ್ದವರು ದೂರದರ್ಶನದ ಪೆಟ್ಟಿಗೆಯ ಮುಂದೆ ಕುಳಿತು ಕಂಡ ಕಥೆಗಳನ್ನೂ ಚಿತ್ರಗಳನ್ನೂ, ಅವನ್ನು ನೆನೆದಾಗಲೆಲ್ಲ ಅವರ ಮನಸ್ಸಿನಲ್ಲಿ ಏಳುವ ಹಂಬಲವನ್ನೂ ಇಂದಿನ ವಿಷಯವಾಗಿ ಆರಿಸಿಕೊಂಡಿದ್ದೇನೆ. ಒಂದು ಪೀಳಿಗೆಯ ಜನ ತಮ್ಮ ಬಾಲ್ಯವನ್ನು ಯಾವುದರ ಮೂಲಕ ನೆನೆಯುತ್ತಾರೋ ಅದು ಆ ಪೀಳಿಗೆಯ ಸಂಸ್ಕಾರದ ಒಂದು ಅಂಗ. ಅದನ್ನು ವಿಚಾರ ಮಾಡುವುದು ಸಾಹಿತ್ಯದ ವಿದ್ಯಾರ್ಥಿಗೆ ಅನುಚಿತವಲ್ಲವೆಂದು ತಿಳಿದಿದ್ದೇನೆ. ಐವತ್ತರ ಆಸುಪಾಸಿನ ಇಬ್ಬರು ಅಪರಿಚಿತರು ರೈಲಿನಲ್ಲಿ ಎದುರುಬದುರು ಕುಳಿತಾಗ, ಊರುಕೇರಿಯ ವಿಚಾರಣೆ ಮುಗಿದ ಮೇಲೆ, ಭಾನುವಾರ ಬೆಳಗಿನ ಕಾರ್ಯಕ್ರಮಗಳ ಮಾತೊಂದು ಬಂದರೆ ಸಾಕು, ಮುಂದಿನ ನಿಲ್ದಾಣ ಬರುವಷ್ಟರಲ್ಲಿ ಹಳೆಯ ನೆಂಟರಂತಾಗಿಬಿಡುವುದನ್ನು ನಾನು ಕಂಡಿದ್ದೇನೆ. ಈ ನೆಂಟಸ್ತನದ ಮೂಲವೇನು ಎಂಬುದೇ ನನ್ನ ಪ್ರಶ್ನೆ.

ಚರಿತ್ರೆಯಿಂದ ಆರಂಭಿಸುವುದು ಒಳ್ಳೆಯದು. ದೂರದರ್ಶನವನ್ನು ಬೆಂಗಳೂರಿಗಿಂತ ಮೊದಲು ಕಂಡವು ಕಲಬುರಗಿ, ರಾಯಚೂರು, ವಿಜಯಪುರ ಸೀಮೆಯ ಹಳ್ಳಿಗಳು ಎಂದರೆ ಇಂದಿನ ವಿದ್ಯಾರ್ಥಿಗಳಿಗೆ ಆಶ್ಚರ್ಯವಾದೀತು. ವಿಕ್ರಮ ಸಾರಾಭಾಯಿಯವರು ಕಂಡಿದ್ದ, ಆದರೆ ಕಣ್ಣಾರೆ ನೋಡಲು ಅವರು ಉಳಿಯದೆ ಹೋದ ಕನಸೊಂದು 1975ರ ಆಗಸ್ಟ್ 1ರಂದು ಕೈಗೂಡಿತು: ಅಮೆರಿಕದ ನಾಸಾ ಸಂಸ್ಥೆಯ ಎಟಿಎಸ್-6 ಎಂಬ ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಎರವಲು ಪಡೆದು, ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಆಕಾಶದಿಂದ ನೇರವಾಗಿ ಚಿತ್ರವನ್ನೂ ಧ್ವನಿಯನ್ನೂ ಇಳಿಸುವ ಪ್ರಯೋಗ ನಡೆಯಿತು. ಸೈಟ್ ಎಂಬ ಹ್ರಸ್ವನಾಮದಿಂದ ಪ್ರಸಿದ್ಧವಾದ ಈ ಪ್ರಯೋಗಕ್ಕೆ ನಮ್ಮ ರಾಜ್ಯದಿಂದ ಆಯ್ಕೆಯಾದವು ಆ ಮೂರು ಜಿಲ್ಲೆಗಳು. ಕೋಳಿಗೂಡಿಗೆ ಹೊದಿಸತಕ್ಕ ಸಾಮಾನ್ಯ ತಂತಿಬಲೆಯಿಂದ ಮಾಡಿದ, ಮೂರು ಮೀಟರಿನಷ್ಟು ಅಗಲದ ಆಂಟೆನಾ ಸಾರ್ವಜನಿಕ ಕಟ್ಟಡವೊಂದರ ಬಳಿ ನಿಂತಿತು. ವಿದ್ಯುತ್ತಿಲ್ಲದ ಊರುಗಳಲ್ಲಿ ಬ್ಯಾಟರಿಯ ಬಲದಿಂದ ಪೆಟ್ಟಿಗೆ ಬೆಳಗಿತು. ಸಂಜೆಯ ಹೊತ್ತು ದೊಡ್ಡವರಿಗೆ ಬೇಸಾಯ, ಆರೋಗ್ಯಗಳ ವಿಷಯ. ಬೆಳಿಗ್ಗೆ, ಶಾಲೆಯ ವೇಳೆಯಲ್ಲಿ, ಐದರಿಂದ ಹನ್ನೆರಡು ವರ್ಷದೊಳಗಿನ ಮಕ್ಕಳಿಗಾಗಿಯೇ ಒಂದೊಂದು ಭಾಷೆಗೆ ಇಪ್ಪತ್ತೆರಡೂವರೆ ನಿಮಿಷ. ಹಿಂದಿ, ಒಡಿಯಾ, ತೆಲುಗುಗಳ ಜೊತೆಗೆ ಕನ್ನಡಕ್ಕೂ ಆ ಪಾಲು ಸಂದಿತು. ಕನ್ನಡದ ಕಾರ್ಯಕ್ರಮಗಳು ಹೈದರಾಬಾದಿನ ತಯಾರಿಕಾ ಕೇಂದ್ರದಲ್ಲಿ ಸಿದ್ಧವಾಗುತ್ತಿದ್ದವು. 1976ರ ಜುಲೈ 31ಕ್ಕೆ ಗಡುವು ತೀರಿ ಉಪಗ್ರಹ ಹಿಂದಿರುಗಿತು. ಮರುವರ್ಷ ಕಲಬುರಗಿಯಲ್ಲಿ ಪ್ರಸಾರ ಕೇಂದ್ರವೊಂದು ಆರಂಭವಾಯಿತು. ಬೆಂಗಳೂರಿನ ಸರದಿ ಬಂದದ್ದು 1981ರಲ್ಲಿ.

ಈ ಪ್ರಯೋಗದ ಎರಡು ಲಕ್ಷಣಗಳನ್ನು ನೀವು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಬೇಡುತ್ತೇನೆ. ಕನ್ನಡದ ಮಗು ದೂರದರ್ಶನದಲ್ಲಿ ಮೊದಲು ಕೇಳಿದ ಮಾತು ಕನ್ನಡವಾಗಿತ್ತು. ಆ ಪೆಟ್ಟಿಗೆ ಯಾರೊಬ್ಬರ ಮನೆಯದೂ ಆಗಿರದೆ ಊರಿನ ಸೊತ್ತಾಗಿತ್ತು. ಮುಂದಿನ ಹತ್ತು ವರ್ಷಗಳಲ್ಲಿ ಎರಡೂ ಬದಲಾದವು. 1982ರಲ್ಲಿ ರಾಷ್ಟ್ರೀಯ ಕಾರ್ಯಕ್ರಮವೂ ಬಣ್ಣದ ಪ್ರಸಾರವೂ ಬಂದವು, ಅನಂತರ ಕಿರುಶಕ್ತಿಯ ಪ್ರಸಾರಕಗಳು ಊರೂರಿಗೆ ಹಬ್ಬಿದವು, ಸಂಬಳದಾರರ ಮನೆಗಳಿಗೆ ಪೆಟ್ಟಿಗೆ ಬಂದಿತು. ಅದರ ಒಳಗಿನ ಮಾತು ಬಹುಮಟ್ಟಿಗೆ ಹಿಂದಿಯಾಯಿತು. 1987ರ ಜನವರಿ 25ರಿಂದ ಮರುವರ್ಷದ ಜುಲೈ ಕೊನೆಯವರೆಗೆ ರಮಾನಂದ ಸಾಗರರ ರಾಮಾಯಣ. 1988ರ ಅಕ್ಟೋಬರ್ 2ರಿಂದ 1990ರ ಜೂನ್ 24ರವರೆಗೆ ಬಿ.ಆರ್. ಚೋಪ್ರಾ ಅವರ ಮಹಾಭಾರತ. ಇವೆರಡಕ್ಕೂ ಮೊದಲು ವಿಕ್ರಮ ಬೇತಾಳ, ಇವುಗಳ ಆಮೇಲೆ ಜಂಗಲ್ ಬುಕ್, ಡಕ್ ಟೇಲ್ಸ್, ಶಕ್ತಿಮಾನ್. 1988ರ ಸ್ವಾತಂತ್ರ್ಯ ದಿನದಂದು ಮೊದಲು ಪ್ರಸಾರವಾದ ಮಿಲೇ ಸುರ್ ಗೀತೆಯನ್ನು ತೆರೆಯುವ ಕಂಠ ಗದಗ ಸೀಮೆಯ ಭೀಮಸೇನ ಜೋಶಿಯವರದು. ಆದರೂ ನಾವು ಮಕ್ಕಳು ಉಸಿರು ಬಿಗಿಹಿಡಿದು ಕಾಯುತ್ತಿದ್ದುದು ಅದರಲ್ಲಿ ಕನ್ನಡಕ್ಕೆ ದಕ್ಕಿದ ಒಂದು ತುಣುಕಿಗಾಗಿ. ಅದು ಬಂದು ಹೋಗುವಷ್ಟು ಹೊತ್ತು ಪೆಟ್ಟಿಗೆ ನಮ್ಮದೆನಿಸುತ್ತಿತ್ತು.

ಹೀಗಿರುವಾಗ, ಅರ್ಥವಾಗದ ಭಾಷೆಯಲ್ಲಿ ನಡೆದ ಕಥೆಗಳ ಮೇಲೆ ಕನ್ನಡದ ಮಕ್ಕಳಿಗೆ ಇಂಥ ಗಾಢವಾದ ಮಮತೆ ಹುಟ್ಟಿದ್ದು ಹೇಗೆ? ಬಾಲ್ಯದಲ್ಲಿ ಕಂಡದ್ದೆಲ್ಲ ಸವಿಯೆಂದು ಹೇಳಿ ಈ ಪ್ರಶ್ನೆಯನ್ನು ದಾಟಿಬಿಡುವುದು ಸುಲಭ. ನಾನು ಕಂಡದ್ದನ್ನು ಕೊಂಚ ವಿವರವಾಗಿ ಹೇಳಲು ಅಪ್ಪಣೆಯಾಗಲಿ.

ಮಲೆನಾಡಿನ ನಮ್ಮ ಊರಿನಲ್ಲಿ ಪೆಟ್ಟಿಗೆ ಇದ್ದದ್ದು ನಿವೃತ್ತ ಮೇಷ್ಟರೊಬ್ಬರ ಮನೆಯ ನಡುಮನೆಯಲ್ಲಿ. ಮರದ ಚೌಕಟ್ಟು, ಎಳೆದು ಮುಚ್ಚತಕ್ಕ ಹಲಗೆಯ ಬಾಗಿಲು, ಅದರ ಮೇಲೆ ಕಸೂತಿಯ ಬಟ್ಟೆ, ಬಟ್ಟೆಯ ಮೇಲೆ ಒಂದು ಗಣಪತಿ. ಹೊರಗೆ ಬಿದಿರಿನ ಗಳುವಿನ ತುದಿಗೆ ಆಂಟೆನಾ. ಗಾಳಿ ಬೀಸಿದಾಗಲೆಲ್ಲ ಮೇಷ್ಟರ ಮಗ ಗಳುವನ್ನು ತಿರುಗಿಸುತ್ತ ‘ಬಂತೇನ್ರೋ?’ ಎಂದು ಕೂಗುವುದು, ಒಳಗಿನಿಂದ ಇಪ್ಪತ್ತು ಕಂಠಗಳು ‘ಇಲ್ಲ, ಬರೀ ಚುಕ್ಕಿ! ಇನ್ನೂ ಸ್ವಲ್ಪ ಆ ಕಡೆ!’ ಎನ್ನುವುದು. ರಾಮಾಯಣದ ದಿನ ನಮ್ಮಜ್ಜಿ ಮಡಿ ಬಿಟ್ಟು ಬಂದು ಕಂಬಕ್ಕೊರಗಿ ಕುಳಿತುಕೊಳ್ಳುತ್ತಿದ್ದರು. ಅವರಿಗೆ ಹಿಂದಿಯ ಒಂದು ಅಕ್ಷರವೂ ಬಾರದು, ರಾಮಾಯಣವೆಲ್ಲ ಬರುತ್ತಿತ್ತು. ಪರದೆಯ ಮೇಲೆ ಕೈಕೇಯಿ ವರವನ್ನು ಕೇಳುತ್ತಿದ್ದರೆ ಅಜ್ಜಿ ನಮ್ಮ ಕಡೆ ಬಾಗಿ, ‘ಅವಳನ್ನೇ ಪೂರ್ತಿ ಬಯ್ಯಬೇಡ್ರೋ, ಅವಳ ಬಾಯಲ್ಲಿ ಆಡ್ತಿರೋದು ಮಂಥರೆ’ ಎನ್ನುವರು. ದಶರಥನ ವಿಲಾಪ ದೀರ್ಘವಾದಂತೆ, ಆ ದುಃಖ ಎಲ್ಲಿಂದ ಬಂತು ಗೊತ್ತೇ ಎಂದು ಕೇಳಿ, ಕತ್ತಲಲ್ಲಿ ನೀರು ತುಂಬುವ ಸದ್ದನ್ನು ಆನೆಯ ಸದ್ದೆಂದು ಬಗೆದು ಬಾಣ ಬಿಟ್ಟ ಕಥೆಯನ್ನು, ಕುರುಡ ತಂದೆತಾಯಿಗಳ ಶಾಪದ ಕಥೆಯನ್ನು ತಗ್ಗಿದ ದನಿಯಲ್ಲಿ ಹೇಳುತ್ತ ಹೋಗುವರು. ಕಣ್ಣು ಅಯೋಧ್ಯೆಯ ಅರಮನೆಯಲ್ಲಿರುತ್ತಿತ್ತು. ಕಿವಿ ಸರಯೂ ನದಿಯ ದಡದಲ್ಲಿ. 2020ರ ಮಾರ್ಚ್ ಕೊನೆಯಲ್ಲಿ, ಲಾಕ್‌ಡೌನಿನ ಕಾಲದಲ್ಲಿ, ದೂರದರ್ಶನ ರಾಮಾಯಣವನ್ನು ಮತ್ತೆ ಪ್ರಸಾರ ಮಾಡಿದಾಗ ನಾನು ನಿಷ್ಠೆಯಿಂದ ಕುಳಿತು ನೋಡಿದೆ. ಆ ವರ ಬೇಡುವ ಸಂದರ್ಭ ಬಂದಿತು. ಮಂಥರೆಯನ್ನು ಕುರಿತ ಆ ಮಾತು, ನನ್ನ ನೆನಪಿನಲ್ಲಿ ಧಾರಾವಾಹಿಯ ಅತ್ಯುತ್ತಮ ಮಾತಾಗಿ ಮೂವತ್ತು ವರ್ಷಗಳಿಗೂ ಮಿಗಿಲಾಗಿ ಉಳಿದಿದ್ದ ಆ ಮಾತು, ಅಲ್ಲಿ ಇರಲಿಲ್ಲ. ಅದು ಪರದೆಯಿಂದ ಬಂದದ್ದೇ ಅಲ್ಲ. ಕಂಬದ ಕಡೆಯಿಂದ ಬಂದದ್ದು.

ಈ ನಾಡಿನಲ್ಲಿ ಕಾವ್ಯವು ಜನಕ್ಕೆ ತಲಪಿದ ಬಗೆಯನ್ನು ಬಲ್ಲವರಿಗೆ ಇದು ಹೊಸದೆಂದು ತೋರಲಾರದು. ಕುಮಾರವ್ಯಾಸ ಭಾರತವನ್ನು ಒಬ್ಬನೇ ಕುಳಿತು ಕಣ್ಣಿನಿಂದ ಓದಿದವರ ಸಂಖ್ಯೆ ಎಂದಿಗೂ ಅಲ್ಪವೇ; ಗಮಕಿ ವಾಚಿಸಲು, ವ್ಯಾಖ್ಯಾನಕಾರ ಪಕ್ಕದಲ್ಲಿ ಕುಳಿತು ಅರ್ಥವನ್ನು ಬಿಡಿಸಿ ಬೆಳೆಸಿ ಹೇಳಲು, ಕೇಳಿ ತಿಳಿದವರೇ ಬಹುಮಂದಿ. ಶಿವಮೊಗ್ಗೆಯ ಸಮೀಪದ ಹೊಸಹಳ್ಳಿಯಲ್ಲಿ ಈ ಸಂಪ್ರದಾಯ ಇಂದಿಗೂ ಜೀವಂತವಾಗಿದೆ. ಕರಾವಳಿಯ ತಾಳಮದ್ದಳೆಯಲ್ಲಂತೂ ಭಾಗವತರು ಹಾಡುವ ಪ್ರಸಂಗದ ಪದ್ಯ ಒಂದೇ ಆದರೂ ಅರ್ಥಧಾರಿಗಳು ಅದರ ಮೇಲೆ ಕಟ್ಟುವ ಮಾತು ಒಂದು ರಾತ್ರಿಗೊಂದು ಬಗೆ. ರಸಿಕರು ನೆನಪಿಟ್ಟುಕೊಂಡು ಹತ್ತು ವರ್ಷಗಳ ಮೇಲೂ ಹೇಳುವುದು ಆ ಮಾತನ್ನು. ಮೂಲವೊಂದು ಮುಂದಿದ್ದು, ಅದರ ಅರ್ಥವನ್ನು ನಮ್ಮವರೊಬ್ಬರು ಪಕ್ಕದಲ್ಲಿದ್ದು ಹೇಳುವ ಈ ಏರ್ಪಾಡು ನಮ್ಮ ಜನಕ್ಕೆ ಶತಮಾನಗಳಿಂದ ರೂಢಿಯಾಗಿದ್ದುದರಿಂದಲೇ, ಪರಭಾಷೆಯ ಪೆಟ್ಟಿಗೆಯೊಂದು ನಡುಮನೆಗೆ ಬಂದು ಕುಳಿತಾಗ, ಯಾರ ಅಪ್ಪಣೆಯನ್ನೂ ಕಾಯದೆ, ಅಜ್ಜಿಯರೂ ಸೋದರತ್ತೆಯರೂ ದೊಡ್ಡಪ್ಪಂದಿರೂ ವ್ಯಾಖ್ಯಾನದ ಪೀಠವನ್ನೇರಿದರು. ನಾವು ಇಂದು ಹಂಬಲಿಸುವುದು ಧಾರಾವಾಹಿಗಾಗಿಯೆಂದು ಭಾವಿಸುತ್ತೇವೆ. ನಮ್ಮ ಹಂಬಲದ ನಿಜವಾದ ವಿಷಯ ಆ ವ್ಯಾಖ್ಯಾನ ಎಂಬುದು ನಾನು ಈ ಸಭೆಯ ಮುಂದಿಡಲು ಬಂದಿರುವ ಮಾತು. ಹಳೆಯ ಕಂತುಗಳೆಲ್ಲ ಇಂದು ಮೊಬೈಲಿನಲ್ಲಿ ಬೇಕೆಂದಾಗ ದೊರೆಯುತ್ತವೆ. ಹತ್ತು ನಿಮಿಷ ನೋಡಿದವರು ಇದೇನು, ಇಷ್ಟೇ ಇತ್ತೇ ಎಂದು ಮುಚ್ಚಿಡುತ್ತಾರೆ. ಚಿತ್ರದಲ್ಲಿ ಏನೂ ಕಡಮೆಯಾಗಿಲ್ಲ. ಗಮಕಿ ಓದುತ್ತಲೇ ಇದ್ದಾನೆ, ವ್ಯಾಖ್ಯಾನಕಾರನ ಆಸನ ಬರಿದಾಗಿದೆ.

ಕಾರ್ಟೂನುಗಳ ವಿಷಯ ಬೇರೆಯೆಂದು ನೀವು ಆಕ್ಷೇಪಿಸಬಹುದು, ಆಕ್ಷೇಪ ಯೋಗ್ಯವಾದದ್ದೇ. ಜಪಾನಿನಲ್ಲಿ ತಯಾರಾಗಿ, 1993ರ ಸುಮಾರಿಗೆ ಭಾನುವಾರ ಬೆಳಿಗ್ಗೆ ಹಿಂದಿಯಲ್ಲಿ ಬಂದ ಜಂಗಲ್ ಬುಕ್‌ನ ಕಥೆ ಯಾವ ಅಜ್ಜಿಗೂ ತಿಳಿದಿರಲಿಲ್ಲ. ಗುಲ್ಜಾರರು ರಚಿಸಿ ವಿಶಾಲ್ ಭಾರದ್ವಾಜರು ರಾಗ ಹಾಕಿದ ಅದರ ಶೀರ್ಷಿಕೆ ಗೀತೆಯನ್ನು ಊರಿನ ಮಕ್ಕಳೆಲ್ಲ ಒಂದು ಶಬ್ದದ ಅರ್ಥವೂ ತಿಳಿಯದೆ, ತಮ್ಮ ನಾಲಿಗೆಗೆ ಒಗ್ಗಿದಂತೆ ತಿದ್ದಿಕೊಂಡು ಹಾಡುತ್ತಿದ್ದರು. ಇಲ್ಲಿ ವ್ಯಾಖ್ಯಾನದ ಭಾರ ಇಳಿದು ಬಂದದ್ದು ಅಕ್ಕಂದಿರ ಮೇಲೆ. ಬೇಸಗೆಯಲ್ಲಿ ಹಿಂದಿ ಪ್ರಚಾರದ ಪರೀಕ್ಷೆಗೆ ಕಟ್ಟಿ ಒಂದೆರಡು ಮೆಟ್ಟಿಲು ಪಾಸಾಗಿದ್ದ ಅಕ್ಕ ಅಕ್ಕಪಕ್ಕದ ಹತ್ತು ಮಕ್ಕಳಿಗೆ ದುಭಾಷಿ. ಶೇರ್ ಖಾನ್ ಗುಡುಗಿದ್ದರ ತಾತ್ಪರ್ಯವನ್ನು ಅವಳು ಹೇಳಿದ ಮೇಲೆಯೇ ನಾವು ಹೆದರುತ್ತಿದ್ದದ್ದು. ಅವಳಿಗೆ ತಿಳಿಯದ ಕಡೆ ಊಹೆಯಿಂದ ಹೇಳಿದ್ದೂ ಉಂಟು, ಆ ಊಹೆಯೇ ನಮಗೆ ಕಥೆಯಾದದ್ದೂ ಉಂಟು. ಒಂದು ಸಂಗತಿಯನ್ನು ಪ್ರಾಸಂಗಿಕವಾಗಿ ಹೇಳಿಬಿಡುತ್ತೇನೆ. 1942ರಷ್ಟು ಹಿಂದೆಯೇ ಹಾಲಿವುಡ್ಡಿನ ಚಿತ್ರದಲ್ಲಿ ಮೌಗ್ಲಿಯ ಪಾತ್ರ ವಹಿಸಿದ ಸಾಬು ಮೈಸೂರು ಸಂಸ್ಥಾನದ ಕಾರಾಪುರದ ಮಾವುತನ ಮಗ. ಆ ಕಾಡಿನ ಹುಡುಗನಿಗೆ ಬೆಳ್ಳಿತೆರೆಯ ಮೇಲೆ ದೇಹ ಕೊಟ್ಟವನು ಕಬಿನಿಯ ತೀರದವನೆಂದು ನಮ್ಮ ಅಕ್ಕನಿಗೆ ಆಗ ತಿಳಿದಿದ್ದರೆ ಅವಳ ವ್ಯಾಖ್ಯಾನ ಇನ್ನೆಷ್ಟು ರಂಗೇರುತ್ತಿತ್ತೋ.

ನನ್ನ ಮತಕ್ಕೆ ಅತ್ಯಂತ ಕಠಿನವಾದ ಪರೀಕ್ಷೆ ಮಾಲ್ಗುಡಿ ಡೇಸ್. ಆರ್.ಕೆ. ನಾರಾಯಣರು ಮೈಸೂರಿನಲ್ಲಿ ನೆಲೆಸಿ ಇಂಗ್ಲಿಷಿನಲ್ಲಿ ಬರೆದ ಕಥೆಗಳನ್ನು 1986ರಲ್ಲಿ ಶಂಕರನಾಗ್ ಆಗುಂಬೆಗೆ ಕೊಂಡೊಯ್ದರು, ಟಿ.ಎಸ್. ನರಸಿಂಹನ್ ನಿರ್ಮಾಪಕರು, ಜಾನ್ ದೇವರಾಜ್ ಕಲಾನಿರ್ದೇಶಕರು, ಎಲ್. ವೈದ್ಯನಾಥನ್ ಸಂಗೀತ, ಆರಂಭದ ರೇಖಾಚಿತ್ರಗಳು ಆರ್.ಕೆ. ಲಕ್ಷ್ಮಣರವು. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ತಂದೆಯಾಗಿ ಗಿರೀಶ ಕಾರ್ನಾಡ್, ತಾಯಿಯಾಗಿ ವೈಶಾಲಿ ಕಾಸರವಳ್ಳಿ. ಬೇರೆ ಕಥೆಗಳಲ್ಲಿ ಅನಂತನಾಗ್, ರಮೇಶ ಭಟ್, ವಿಷ್ಣುವರ್ಧನ್. ಹೆಂಚಿನ ಮಾಡು ನಮ್ಮದು, ಜಗಲಿ ನಮ್ಮದು, ಮಳೆ ನಮ್ಮದು, ಮುಖಗಳೆಲ್ಲ ನಮ್ಮವು. ಆ ಮುಖಗಳು ಬಾಯಿ ತೆರೆದರೆ ಹೊರಡುವುದು ಹಿಂದಿ. ಇಲ್ಲಿ ವ್ಯಾಖ್ಯಾನಕಾರರಿಗೆ ಕೆಲಸವೇ ಇರಲಿಲ್ಲವೇನೋ ಎಂದು ನಾನು ಬಹಳ ಯೋಚಿಸಿದ್ದೇನೆ. ಅಪ್ಪನ ಕೋಪ, ಶಾಲೆಯ ಭಯ, ಅಜ್ಜಿಯ ಮಡಿಲು, ಕ್ರಿಕೆಟ್ಟಿನ ಹುಚ್ಚು, ಇವುಗಳನ್ನು ಆಗುಂಬೆಯ ಜಗಲಿಯ ಮೇಲೆ ನೋಡಿದ ಕನ್ನಡದ ಹುಡುಗನಿಗೆ ಅರ್ಥ ಹೇಳುವ ಅಗತ್ಯ ಯಾರಿಗಿತ್ತು? ಇಡೀ ಧಾರಾವಾಹಿಯಲ್ಲಿ ನಮ್ಮ ಜನ ಇಂದಿಗೂ ತಪ್ಪಿಲ್ಲದೆ ಗುನುಗುವುದು ಅದರ ಶೀರ್ಷಿಕೆಯ ಆಲಾಪವನ್ನು. ಆ ಆಲಾಪದಲ್ಲಿ ಶಬ್ದವೇ ಇಲ್ಲ, ಅದು ಯಾವ ಭಾಷೆಗೂ ಸೇರಿದ್ದಲ್ಲ. ಚಿತ್ರೀಕರಣ ನಡೆದಿದ್ದ ಅರಸಾಳಿನ ಹಳೆಯ ರೈಲು ನಿಲ್ದಾಣ ಹಾಳುಬಿದ್ದಿದ್ದು, 2020ರಲ್ಲಿ ಮಾಲ್ಗುಡಿ ಸಂಗ್ರಹಾಲಯವಾಗಿ ಮರಳಿ ಜೀವ ಪಡೆಯಿತು. ಅಲ್ಲಿಗೆ ಹೋದಾಗ ನಾನು ಕಂಡದ್ದು, ತಂದೆತಾಯಂದಿರು ಹತ್ತು ವರ್ಷದ ಮಕ್ಕಳನ್ನು ಕೈಹಿಡಿದು ನಡೆಸುತ್ತ, ಆ ಮಕ್ಕಳು ಎಂದೂ ನೋಡಿಲ್ಲದ ಧಾರಾವಾಹಿಯ ಅರ್ಥವನ್ನು ಉತ್ಸಾಹದಿಂದ ಹೇಳುತ್ತಿದ್ದುದನ್ನು. ವ್ಯಾಖ್ಯಾನದ ಹಸಿವು ಎರಡು ಕಡೆಗೂ ಇರುವುದೆಂಬುದು ನನಗೆ ಮನವರಿಕೆಯಾದದ್ದು ಆಗ.

ಇಷ್ಟರವರೆಗೆ ನಾನು ನಡುಮನೆಯ ಒಳಗೆ ಕುಳಿತಿದ್ದವರ ಪರವಾಗಿ ಮಾತನಾಡಿದೆ. ಹೊರಗೆ ನಿಂತಿದ್ದವರನ್ನು ಮರೆತರೆ ಈ ಉಪನ್ಯಾಸ ಅಸತ್ಯವಾಗುತ್ತದೆ. ಮೇಷ್ಟರ ಮನೆಯ ಕಿಟಕಿಯ ಸರಳುಗಳ ಆಚೆ ಪ್ರತಿ ಭಾನುವಾರವೂ ನಾಲ್ಕೈದು ಮುಖಗಳಿರುತ್ತಿದ್ದವು. ಕೆಳಗಿನ ಕೇರಿಯ ಮಕ್ಕಳು, ತೋಟದ ಕೆಲಸದವರ ಮಕ್ಕಳು. ಒಳಗೆ ಬನ್ನಿ ಎಂದು ಯಾರೂ ಕರೆಯಲಿಲ್ಲ, ಹೋಗಿ ಎಂದೂ ಯಾರೂ ಹೇಳಲಿಲ್ಲ. ಆ ಹೇಳದಿರುವಿಕೆಯನ್ನೇ ಔದಾರ್ಯವೆಂದು ಊರು ಎಣಿಸಿತ್ತು. ಕಿಟಕಿಯಿಂದ ಪರದೆಯ ಅರ್ಧ ಭಾಗ ಕಾಣುತ್ತಿದ್ದಿರಬೇಕು. ಧ್ವನಿ ಕೇಳುತ್ತಿತ್ತು, ಅಜ್ಜಿಯ ತಗ್ಗಿದ ದನಿಯ ವ್ಯಾಖ್ಯಾನ ಕೇಳುತ್ತಿರಲಿಲ್ಲ. ಅವರ ರಾಮಾಯಣ ಯಾವುದಾಗಿತ್ತು, ಅವರಲ್ಲಿ ಯಾರು ಯಾರಿಗೆ ಅರ್ಥ ಹೇಳಿದರು, ಹಿಂದಿರುಗುವ ದಾರಿಯಲ್ಲಿ ಅವರು ಏನು ಮಾತನಾಡಿಕೊಂಡರು, ಇದಾವುದೂ ನಮ್ಮ ಪೀಳಿಗೆಯ ಸವಿನೆನಪುಗಳಲ್ಲಿ ಬರೆಹವಾಗಿಲ್ಲ. ಬಾಲ್ಯದ ದೂರದರ್ಶನ ಎಲ್ಲರನ್ನೂ ಒಂದುಗೂಡಿಸಿತೆಂದು ಸಲೀಸಾಗಿ ಬರೆಯುವವರು ತಾವು ಎಲ್ಲಿ ಕುಳಿತು ನೋಡಿದೆವೆಂಬುದನ್ನು ಮೊದಲು ಹೇಳತಕ್ಕದ್ದು. 1975ರ ಆ ಸಮುದಾಯದ ಪೆಟ್ಟಿಗೆ ಇದ್ದದ್ದು ಊರಿನ ಸಾರ್ವಜನಿಕ ಕಟ್ಟಡದಲ್ಲಿ. ತತ್ತ್ವತಃ ಅದಕ್ಕೆ ಒಳಗು ಹೊರಗು ಇರಲಿಲ್ಲ. ಪೆಟ್ಟಿಗೆ ಮನೆಗೆ ಬಂದಾಗ ಮನೆಯ ಹೊಸ್ತಿಲೂ ಅದರ ಜೊತೆಗೆ ಬಂದಿತು.

ಪರಭಾಷೆಯ ಈ ಕಥೆಗಳಿಗೆ ಕನ್ನಡದ ಮಾತನ್ನೇ ಏಕೆ ಕೂಡಿಸಲಿಲ್ಲವೆಂದು ನೀವು ಕೇಳಬಹುದು; ಡಬ್ಬಿಂಗಿನ ಆ ವಿಚಾರವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಕನ್ನಡ ಚಿತ್ರರಂಗದ ಕಲಾವಿದರ, ಕಾರ್ಮಿಕರ ಅನ್ನವನ್ನು ಕಾಯುವ ಸದುದ್ದೇಶದಿಂದ 1960ರ ದಶಕದಲ್ಲಿ ಎದ್ದ ಚಳವಳಿಯ ಫಲವಾಗಿ, ಪರಭಾಷೆಯ ಚಿತ್ರಗಳಿಗೆ ಕನ್ನಡದ ಮಾತು ಕೂಡಿಸುವ ಪದ್ಧತಿ ದಶಕಗಳ ಕಾಲ ನಿಂತುಹೋಯಿತು. ಕಾನೂನು ಅದನ್ನು ನಿಷೇಧಿಸಿರಲಿಲ್ಲ, ಕಟ್ಟುಪಾಡು ನಿಷೇಧಿಸಿತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಆ ಕಟ್ಟುಪಾಡು ಸಲ್ಲದೆಂದು ತೀರ್ಪಿತ್ತಿತು. ದೊಡ್ಡವರ ಈ ವಿವಾದದ ಹೊರೆಯನ್ನು ಹೊತ್ತವರಲ್ಲಿ ಮಕ್ಕಳೂ ಇದ್ದರು. ಮಕ್ಕಳಿಗಾಗಿಯೇ ಚುಟ್ಟಿ ಎಂಬ ವಾಹಿನಿ ತಮಿಳಿನಲ್ಲಿ 2007ರಲ್ಲಿ ಬಂದಿತು. ಚಿಂಟು ಎಂಬ ಹೆಸರಿನಿಂದ ಕನ್ನಡಕ್ಕೆ ಬಂದದ್ದು 2009ರಲ್ಲಿ. ಅಂದಿನಿಂದ ವಿದೇಶದ ಕಾರ್ಟೂನುಗಳು ಕನ್ನಡ ಮಾತನಾಡಿದವು, ಮಗು ತನ್ನ ತಾಯ್ನುಡಿಯಲ್ಲಿ ನಕ್ಕಿತು. ಇದು ಒಳ್ಳೆಯದಾಯಿತು, ಇನ್ನೂ ಮೊದಲೇ ಆಗಬೇಕಾಗಿತ್ತು. ಅರ್ಥವಾಗದ ಭಾಷೆಯಲ್ಲಿ ನೋಡಿದ್ದರಿಂದಲೇ ನಮ್ಮ ಬಾಲ್ಯ ಶ್ರೀಮಂತವಾಯಿತು, ಆದಕಾರಣ ಇಂದಿನ ಮಕ್ಕಳೂ ಹಾಗೆಯೇ ನೋಡಲಿ ಎಂದು ವಾದಿಸುವವರ ಜೊತೆಗೆ ನಾನಿಲ್ಲ. ಕನ್ನಡದಲ್ಲಿಯೇ ಇರುವ ಕುಮಾರವ್ಯಾಸನಿಗೂ ವ್ಯಾಖ್ಯಾನ ಬೇಕಾಯಿತಲ್ಲ. ಹಾಗೆಯೇ ಕನ್ನಡ ಮಾತನಾಡುವ ಕಾರ್ಟೂನಿನ ಮುಂದೆಯೂ ಪಕ್ಕದಲ್ಲಿ ಕುಳಿತು ‘ಅವನು ಹಾಗೇಕೆ ಮಾಡಿದ, ಹೇಳು?’ ಎಂದು ಕೇಳುವ ಅಜ್ಜನಿಗೆ ಕೆಲಸವಿದ್ದೇ ಇದೆ.

ಇನ್ನು ವಿದ್ಯಾರ್ಥಿಗಳಲ್ಲಿ ಒಂದು ಬಿನ್ನಹ. ಹಳೆಯ ಕಾಲದಲ್ಲಿ ವಿಡಿಯೋ ಟೇಪು ದುಬಾರಿಯಾಗಿದ್ದುದರಿಂದ, ಒಮ್ಮೆ ಪ್ರಸಾರವಾದದ್ದನ್ನು ಅಳಿಸಿ ಅದೇ ಟೇಪಿನ ಮೇಲೆ ಮತ್ತೊಂದನ್ನು ಮುದ್ರಿಸಿಕೊಳ್ಳುವುದು ಪ್ರಪಂಚದ ಅನೇಕ ದೂರದರ್ಶನ ಸಂಸ್ಥೆಗಳ ರೂಢಿಯಾಗಿತ್ತು. ಕಾರ್ಯಕ್ರಮಗಳಲ್ಲಿ ಉಳಿದವನ್ನು ಉಳಿಸುವ ಕೆಲಸ ಸರ್ಕಾರದ್ದೂ ಸಂಸ್ಥೆಗಳದ್ದೂ ಆಗಲಿ. ಪಕ್ಕದ ವ್ಯಾಖ್ಯಾನವಾದರೋ ಯಾವ ಟೇಪಿನಲ್ಲಿಯೂ ಎಂದೂ ಇರಲಿಲ್ಲ. ಅದಿರುವುದು ಕೇಳಿದವರ ನೆನಪಿನಲ್ಲಿ ಮಾತ್ರ. ಅದನ್ನು ಸಂಗ್ರಹಿಸಲು ಒಂದು ಮೊಬೈಲೂ ಒಂದಿಷ್ಟು ತಾಳ್ಮೆಯೂ ಸಾಕು. ಯಾರ ಮನೆಯಲ್ಲಿ ನೋಡಿದಿರಿ, ಒಳಗೆ ಕುಳಿತೋ ಹೊರಗೆ ನಿಂತೋ, ಅರ್ಥ ಹೇಳಿದವರು ಯಾರು, ಯಾವ ಮಾತನ್ನು ಹೇಳಿದರು ಎಂದು ಕೇಳಿ, ಉತ್ತರವನ್ನು ಅವರವರ ಆಡುನುಡಿಯಲ್ಲಿಯೇ ಬರೆದಿಡಿ. ಕಿಟಕಿಯಾಚೆ ನಿಂತವರನ್ನು ಮೊದಲು ಕೇಳಿ. 1975ರಲ್ಲಿ ಆ ಇಪ್ಪತ್ತೆರಡೂವರೆ ನಿಮಿಷಗಳ ಕನ್ನಡವನ್ನು ನೋಡಿದ ಮಕ್ಕಳು ಈಗ ಅರವತ್ತರ ಆಚೀಚಿನವರು. ಅವರಿಗೆ ಅರ್ಥ ಹೇಳಿದ ಉಪಾಧ್ಯಾಯರಲ್ಲಿ ಇನ್ನೂ ಇರುವವರು ತೀರ ವೃದ್ಧರು. ಆದ್ದರಿಂದ ರಾಯಚೂರು, ಕಲಬುರಗಿ, ವಿಜಯಪುರಗಳ ಕಡೆಯಿಂದಲೇ ಕೆಲಸ ಆರಂಭವಾಗುವುದು ಯುಕ್ತ. ಬರುವ ಬೇಸಗೆಯ ರಜದಲ್ಲಿ ನಿಮ್ಮಲ್ಲಿ ಯಾರಾದರೂ ಆ ಹಳ್ಳಿಗಳಿಗೆ ಹೊರಡುವುದಾದರೆ ಮೊದಲು ಊರ ಶಾಲೆಗೆ ಹೋಗಿ, ಆ ವರ್ಷ ಪೆಟ್ಟಿಗೆಯನ್ನು ಇಟ್ಟಿದ್ದ ಕೋಣೆ ಯಾವುದು, ಅದರ ಬೀಗದ ಕೈ ಯಾರ ಹತ್ತಿರ ಇರುತ್ತಿತ್ತು ಎಂದು ವಿಚಾರಿಸಿ.